700 ಹಲ್ಲಿನ ರೋಲ್‌ನಲ್ಲಿ ಕೊನೆಯ ಸಂದು ಅಗಲವಾಗಿದ್ದೇಕೆ? ಸಿಎನ್‌ಸಿ ಅಂಕಿಗಳ ನಿಖರತೆ ಕುರಿತು

ಕೌಲ್‌ಬಜಾರ್ ವರ್ಕ್‌ಶಾಪ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಹಿಟ್ಟಿನ ಗಿರಣಿಯ ಸವೆದ ರೋಲ್‌ಗಳನ್ನು ಗ್ರೈಂಡ್ ಮಾಡಿ ಹೊಸದಾಗಿ ಹಲ್ಲು ಹೊಡೆದುಕೊಡುವುದು ನಮ್ಮ ತಂದೆಯವರ ಕಾಲದಿಂದ ಬಂದ ಕೆಲಸ. ಅವರು ಗಿಯರ್ ಬದಲಿಸಿ ಕೈಯಿಂದ ಮಾಡುತ್ತಿದ್ದುದನ್ನು ಎರಡು ವರ್ಷಗಳ ಹಿಂದೆ ನಾನು ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ಓಡಿಸುವ ಯಂತ್ರಕ್ಕೆ ತಂದೆ. ಹಳೆಯ ಪ್ಲೇನರ್‌ಗೆ ಕಂಟ್ರೋಲರ್ ಕೂರಿಸಿದ್ದೇವೆ. ಟೇಬಲ್ ಓಡುವುದು ಎಕ್ಸ್ ಅಕ್ಷ, ರೋಲ್ ತಿರುಗುವುದು ಎ ಅಕ್ಷ. ಎ ಅಕ್ಷಕ್ಕೆ ಸ್ಟೆಪ್ಪರ್ ಮೋಟರ್ (ಪ್ರತಿ ಪಲ್ಸ್‌ಗೆ ಒಂದು ಸಣ್ಣ ಹೆಜ್ಜೆ ತಿರುಗುವ ಮೋಟರ್) ಇದ್ದು, ಡ್ರೈವ್‌ನಲ್ಲಿ ಸುತ್ತಿಗೆ 2000 ಪಲ್ಸ್ ಎಂದು ಇಟ್ಟಿದ್ದೇವೆ. ಅದರ ಮುಂದೆ 1:90 ವರ್ಮ್ ಗಿಯರ್ ಇದೆ, ಅಂದರೆ ಮೋಟರ್ 90 ಸುತ್ತು ತಿರುಗಿದರೆ ರೋಲ್ ಒಂದು ಸುತ್ತು.

ಕಳೆದ ತಿಂಗಳು 250 ಮಿಮೀ ವ್ಯಾಸದ ರೋಲ್ ಒಂದಕ್ಕೆ 700 ಹಲ್ಲು ಹೊಡೆಯಬೇಕಿತ್ತು. 360ನ್ನು 700ರಿಂದ ಭಾಗಿಸಿದರೆ 0.5142857 ಬರುತ್ತದೆ. ನಮ್ಮ ಕಂಟ್ರೋಲರ್ ದಶಾಂಶದ ಮುಂದೆ ಮೂರೇ ಅಂಕಿ ತೆಗೆದುಕೊಳ್ಳುವುದರಿಂದ, ಜಿ91 (ನಿಂತ ಜಾಗದಿಂದ ಎಣಿಸುವ ಆದೇಶ) ಹಾಕಿ ಎ0.514 ಎಂದು ಸಬ್‌ಪ್ರೋಗ್ರಾಂ ಬರೆದು 700 ಸಲ ಓಡಿಸಿದೆ. ಹಲ್ಲುಗಳು ನೋಡಲು ಚೆನ್ನಾಗಿಯೇ ಬಂದವು. ಆದರೆ ಒಂದೇ ವಾರದಲ್ಲಿ ಗಿರಣಿಯವರು ರೋಲ್ ವಾಪಸ್ ಕಳುಹಿಸಿ, ಒಂದು ಕಡೆ ಗೆರೆ ಎಳೆದಂತೆ ಕಾಣುತ್ತದೆ ಎಂದರು. ಹೆಬ್ಬೆರಳಿನ ಉಗುರನ್ನು ಸುತ್ತಲೂ ಎಳೆದು ನೋಡಿದೆ. ಒಂದೇ ಸಮನೆ ಕರಕರ ಎನ್ನುತ್ತಿದ್ದ ಉಗುರು ಒಂದು ಜಾಗದಲ್ಲಿ ಎಡವಿದಂತಾಯಿತು. ಕಾರ್ಬನ್ ಪೇಪರ್ ಒತ್ತಿ ಬಿಳಿ ಹಾಳೆಯ ಮೇಲೆ ಅಚ್ಚು ತೆಗೆದು ವರ್ನಿಯರ್ ಇಟ್ಟಾಗ, ಬೇರೆಲ್ಲ ಕಡೆ ಹತ್ತು ಸಂದುಗಳಿಗೆ 11.2 ಮಿಮೀ ಸಿಕ್ಕಿತು, ಆ ಜಾಗದಲ್ಲಿ ಮಾತ್ರ 11.65 ಮಿಮೀ.

ಸ್ಟೆಪ್ಪರ್‌ನ ರೆಸಲ್ಯೂಷನ್ ಸಾಲದು, 17 ಬಿಟ್ ಎನ್‌ಕೋಡರ್ (ತಿರುಗಿದ್ದನ್ನು ಎಣಿಸುವ ಸಾಧನ) ಇರುವ ಸರ್ವೋ ಮೋಟರ್ ಹಾಕಿಸಿದರೆ ಇದು ಹೋಗುತ್ತದೆ ಎಂದು ಬಿಡಿಭಾಗ ಮಾರುವವರು ಹೇಳುತ್ತಿದ್ದಾರೆ. ಅದಕ್ಕೆ ನಾನು ಸಾಲ ಮಾಡಬೇಕು. ಮಾಡುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ತಪ್ಪು ಮೋಟರ್‌ನದೇ?

ಸಿಂಧನೂರು ಪ್ರೋಗ್ರಾಮರ್, ರಾಯಚೂರು

ಅಣ್ಣಾ, ದಯವಿಟ್ಟು ಸಾಲಕ್ಕೆ ಈಗಲೇ ಸಹಿ ಹಾಕಬೇಡಿ. ನೀವು ಕೊಟ್ಟ ಅಂಕಿಗಳಲ್ಲಿಯೇ ಉತ್ತರವಿದೆ.

0.514ನ್ನು 700ರಿಂದ ಗುಣಿಸಿದರೆ 359.8 ಆಗುತ್ತದೆ. ಪೂರ್ತಿ ಸುತ್ತಿಗೆ 0.2 ಡಿಗ್ರಿ ಕಡಿಮೆ. ಮೊದಲ ಹಲ್ಲಿನಿಂದ 700ನೆಯ ಹಲ್ಲಿನವರೆಗೆ 699 ನಡೆಗಳು, ಅಷ್ಟಕ್ಕೆ 359.286 ಡಿಗ್ರಿ ಮುಗಿಯಿತು. 700ನೆಯ ಹಲ್ಲಿಗೂ ಮೊದಲನೆಯದಕ್ಕೂ ನಡುವೆ ಉಳಿದದ್ದು 0.714 ಡಿಗ್ರಿ. 125 ಮಿಮೀ ತ್ರಿಜ್ಯದಲ್ಲಿ 0.514 ಡಿಗ್ರಿ ಎಂದರೆ 1.121 ಮಿಮೀ, 0.714 ಡಿಗ್ರಿ ಎಂದರೆ 1.558 ಮಿಮೀ. ಒಂಬತ್ತು ಸರಿಯಾದ ಸಂದು, ಒಂದು ಅಗಲದ ಸಂದು ಕೂಡಿಸಿದರೆ 11.65 ಮಿಮೀ. ನಿಮ್ಮ ಕಾರ್ಬನ್ ಪೇಪರ್ ಹೇಳಿದ್ದೂ ಅದನ್ನೇ. ಅಷ್ಟು ಸರಿಯಾಗಿ ಅಳೆದು ತಂದಿದ್ದೀರಿ ಎಂಬುದು ನನಗೆ ಬಹಳ ಹಿಡಿಸಿತು, ಏಕೆಂದರೆ ಇಂಥ ಚರ್ಚೆಗಳಲ್ಲಿ ಅಳತೆಯಿಲ್ಲದ ದೂರುಗಳೇ ಹೆಚ್ಚು.

ಎಪಿಎಂಸಿಯಲ್ಲಿ ಭತ್ತ ತೂಗುವಾಗ ಪ್ರತಿ ಚೀಲಕ್ಕೆ ನೂರು ಗ್ರಾಂ ಬಿಟ್ಟುಬಿಟ್ಟರೆ ಒಂದು ಚೀಲದಲ್ಲಿ ಯಾರಿಗೂ ತಿಳಿಯುವುದಿಲ್ಲ. 700 ಚೀಲದ ಲಾರಿ ವೇಬ್ರಿಜ್ ಹತ್ತಿದಾಗ 70 ಕಿಲೋ ವ್ಯತ್ಯಾಸ ಎದ್ದು ನಿಲ್ಲುತ್ತದೆ. ಜಿ91ರಲ್ಲಿ ಆಗುವುದೂ ಇದೇ. ಪ್ರತಿ ನಡೆಯೂ ಹಿಂದಿನ ನಡೆ ನಿಂತ ಜಾಗದಿಂದ ಎಣಿಕೆಯಾಗುವುದರಿಂದ, ಬಿಟ್ಟ ಚೂರುಗಳೆಲ್ಲ ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ.

ನಿಮ್ಮ ಕಂಟ್ರೋಲರ್‌ನಲ್ಲಿ ಮ್ಯಾಕ್ರೋ (ಪ್ರೋಗ್ರಾಂನೊಳಗೇ ಲೆಕ್ಕ ಮಾಡುವ ಸೌಲಭ್ಯ) ಇದ್ದರೆ, ಜಿ90 ಹಾಕಿ ಪ್ರತಿ ಹಲ್ಲಿನ ಜಾಗವನ್ನು ಸೊನ್ನೆಯಿಂದಲೇ ಲೆಕ್ಕ ಹಾಕಿಸಿ: #100ರಲ್ಲಿ ಹಲ್ಲಿನ ಎಣಿಕೆ ಇರಲಿ, ನಡೆ ಎ[#100*360/700] ಆಗಿರಲಿ. ಆಗಲೂ ಪ್ರತಿ ಹಲ್ಲು ಮೂರು ದಶಾಂಶಕ್ಕೆ ದುಂಡಾಗುತ್ತದೆ, ಆದರೆ ಆ ತಪ್ಪು ಎಂದಿಗೂ 0.0005 ಡಿಗ್ರಿಯನ್ನು ಮೀರುವುದಿಲ್ಲ. ರೋಲ್ ಮೈಮೇಲೆ ಅದು ಒಂದು ಮೈಕ್ರಾನ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಒಂದು ಎಚ್ಚರಿಕೆ ಹೇಳಬೇಕು. ಮ್ಯಾಕ್ರೋ ಇದೆಯೆಂದು ಜಿ91ರಲ್ಲಿಯೇ ಎ[360/700] ಎಂದು ಬರೆದರೆ ಏನೂ ಪ್ರಯೋಜನವಿಲ್ಲ. ಫ್ಯಾನಕ್ ಕಂಪನಿಯ ಕಂಟ್ರೋಲ್‌ಗಳಲ್ಲಿ ವೇರಿಯಬಲ್‌ನ ಬೆಲೆ ಅಕ್ಷದ ವಿಳಾಸಕ್ಕೆ ಹೋಗುವ ಕ್ಷಣದಲ್ಲಿ ಆ ಅಕ್ಷದ ಕನಿಷ್ಠ ಏರಿಕೆಗೆ ದುಂಡಾಗುತ್ತದೆ. 0.001 ಮಿಮೀ ಯಂತ್ರದಲ್ಲಿ 12.3456 ಇರುವ ವೇರಿಯಬಲ್ ಅನ್ನು ಎಕ್ಸ್‌ಗೆ ಕೊಟ್ಟರೆ ಯಂತ್ರ ಹೋಗುವುದು 12.346ಕ್ಕೆ. ಬೇರೆ ಕಂಟ್ರೋಲರ್‌ಗಳನ್ನೂ ಹಾಗೆಂದೇ ಭಾವಿಸಿ ಬರೆಯುವುದು ಕ್ಷೇಮ.

ಶಕ್ತಿನಗರ ಎಲೆಕ್ಟ್ರಾನಿಕ್ಸ್, ರಾಯಚೂರು

ಮೇಡಂ ಅವರ ಲೆಕ್ಕ ಸರಿಯಾಗಿದೆ. ಅದನ್ನೇ ಮೋಟರ್‌ನ ಕಡೆಯಿಂದ ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಸರ್ವೋ ಬೇಕೇ ಬೇಡವೇ ಎಂಬ ಪ್ರಶ್ನೆ ಇರುವುದು ಅಲ್ಲಿ.

ಸುತ್ತಿಗೆ 2000 ಪಲ್ಸ್, 1:90 ವರ್ಮ್ ಎಂದರೆ ರೋಲ್‌ನ ಒಂದು ಸುತ್ತಿಗೆ 1,80,000 ಪಲ್ಸ್. ಒಂದು ಪಲ್ಸ್‌ಗೆ 0.002 ಡಿಗ್ರಿ, ರೋಲ್ ಮೈಮೇಲೆ ಸುಮಾರು 4.4 ಮೈಕ್ರಾನ್. ಈಗ 1,80,000ವನ್ನು 700ರಿಂದ ಭಾಗಿಸಿ. ಭಾಗಲಬ್ಧ 257, ಶೇಷ 100. ನಿಮ್ಮ 0.514 ಡಿಗ್ರಿ ಎಂದರೆ ಸರಿಯಾಗಿ 257 ಪಲ್ಸ್. ಮೋಟರ್ ಪ್ರತಿ ಸಲವೂ 257 ಪಲ್ಸ್ ಎಣಿಸಿ, ಹೇಳಿದ ಜಾಗಕ್ಕೆ ಹೋಗಿ ನಿಂತಿದೆ. ಆ 100 ಪಲ್ಸ್‌ನ ಶೇಷವನ್ನು ಯಾರೂ ಕೇಳಲಿಲ್ಲವಾದ್ದರಿಂದ ಅದು 0.2 ಡಿಗ್ರಿಯಾಗಿ ಕೊನೆಯ ಸಂದಿನಲ್ಲಿ ಬಂದು ಕೂತಿತು.

700 ಹಲ್ಲಿಗೆ 100 ಪಲ್ಸ್ ಎಂದರೆ ಏಳು ಹಲ್ಲಿಗೆ ಒಂದು. ಪ್ರತಿ ಏಳು ಸಲದಲ್ಲಿ ನಾಲ್ಕನೆಯ ಸಲ 258, ಉಳಿದ ಆರು ಸಲ 257 ಕೊಟ್ಟಿದ್ದರೆ ಸುತ್ತು ಒಂದು ಪಲ್ಸ್ ಕೂಡ ಹೆಚ್ಚುಕಡಿಮೆಯಾಗದೆ ಮುಚ್ಚಿಕೊಳ್ಳುತ್ತಿತ್ತು. ಯಾವ ಹಲ್ಲೂ ತನ್ನ ಜಾಗದಿಂದ ಅರ್ಧ ಪಲ್ಸ್‌ಗಿಂತ, ಅಂದರೆ ಸುಮಾರು 2.2 ಮೈಕ್ರಾನ್‌ಗಿಂತ ದೂರ ಇರುತ್ತಿರಲಿಲ್ಲ. ಜಿ90ರಲ್ಲಿ ಬರೆದಾಗ ಕಂಟ್ರೋಲರ್ ಒಳಗೆ ತಾನಾಗಿಯೇ ನಡೆಯುವುದು ಹೆಚ್ಚುಕಡಿಮೆ ಇದೇ ಹಂಚಿಕೆ.

ಈ ವಿದ್ಯೆ ಹೊಸದಲ್ಲ. 1962ರಲ್ಲಿ ಐಬಿಎಂನಲ್ಲಿದ್ದ ಬ್ರೆಸೆನ್‌ಹ್ಯಾಮ್ ಅವರು ಪ್ಲಾಟರ್‌ನ ಪೆನ್ನು ಓರೆ ಗೆರೆ ಎಳೆಯುವುದಕ್ಕಾಗಿ, ಭಾಗಾಕಾರವನ್ನೇ ಮಾಡದೆ ಶೇಷವನ್ನು ಮಾತ್ರ ಕೂಡಿಸುತ್ತಾ ಹೋಗುವ ವಿಧಾನವನ್ನು ರೂಪಿಸಿದರು. ಶೇಷ ತುಂಬಿ ಬಂದಾಗ ಒಂದು ಹೆಜ್ಜೆ ಹೆಚ್ಚು ಹಾಕು, ಇಲ್ಲದಿದ್ದರೆ ಬೇಡ. ಚಿಕ್ಕ ಯಂತ್ರಗಳಲ್ಲಿ ಬಳಸುವ ಗರ್ಬಲ್ ತಂತ್ರಾಂಶ ಇಂದಿಗೂ ಅಕ್ಷಗಳನ್ನು ಜೊತೆಗೂಡಿಸುವುದು ಈ ವಿಧಾನದಲ್ಲಿಯೇ. ನನಗೆ ಇದರಲ್ಲಿ ಇಷ್ಟವಾಗುವುದು ಅದರ ಪ್ರಾಮಾಣಿಕತೆ: ಪೂರ್ಣಾಂಕಗಳ ಲೆಕ್ಕವಾದ್ದರಿಂದ ಒಂದು ಚೂರೂ ಎಲ್ಲಿಯೂ ಕಳೆದುಹೋಗುವುದಿಲ್ಲ.

ಇನ್ನು ಸರ್ವೋ. 17 ಬಿಟ್ ಎಂದರೆ ಮೋಟರ್‌ನ ಸುತ್ತಿಗೆ 1,31,072 ಎಣಿಕೆ. ನಿಮ್ಮ ವರ್ಮ್ ಜೊತೆಗೆ ಡಿಗ್ರಿಗೆ 32,768 ಎಣಿಕೆ. ಅಷ್ಟು ಸೂಕ್ಷ್ಮವಾದ ಮೋಟರ್‌ಗೂ ನೀವು 0.514 ಎಂದೇ ಹೇಳಿದರೆ ಅದು ಇನ್ನೂ ಹೆಚ್ಚಿನ ನಿಷ್ಠೆಯಿಂದ ಅದೇ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಕೊನೆಯ ಸಂದು ಆಗಲೂ 1.558 ಮಿಮೀ.

ಮೈಕ್ರೋಸ್ಟೆಪ್ ಹೆಚ್ಚಿಸಿ ಎಂದೂ ಯಾರಾದರೂ ಹೇಳಬಹುದು. ಒಂದು ಪೂರ್ಣ ಹೆಜ್ಜೆಯನ್ನು ಹತ್ತಾಗಿ ಸೀಳಿದಾಗ ಒಂದು ಮೈಕ್ರೋಸ್ಟೆಪ್‌ಗೆ ಸಿಗುವ ತಿರುಚುಬಲ ಹೋಲ್ಡಿಂಗ್ ಟಾರ್ಕ್‌ನ (ನಿಂತ ಮೋಟರ್ ಹಿಡಿದಿಡುವ ಪೂರ್ಣ ಬಲದ) ಸುಮಾರು 16 ಶೇಕಡಾ. 32 ಆಗಿ ಸೀಳಿದರೆ 5 ಶೇಕಡಾ ಮಾತ್ರ. ಅಷ್ಟು ಸಣ್ಣ ಬಲ ನಿಮ್ಮ ವರ್ಮ್‌ನ ಘರ್ಷಣೆಯನ್ನೇ ಗೆಲ್ಲದಿರಬಹುದು. ಆಗ ಪಲ್ಸ್ ಹೋಗುತ್ತದೆ, ಶಾಫ್ಟ್ ತಿರುಗುವುದಿಲ್ಲ. ನಾಲ್ಕೈದು ಪಲ್ಸ್ ಕೂಡಿದ ಮೇಲೆ ಒಮ್ಮೆಲೇ ಜಿಗಿಯುತ್ತದೆ. ಜೊತೆಗೆ ಪಲ್ಸ್‌ನ ವೇಗಕ್ಕೂ ಮಿತಿ ಇದೆ. ಕಂಟ್ರೋಲರ್ ಸೆಕೆಂಡಿಗೆ 25,000 ಪಲ್ಸ್ ಕೊಡುತ್ತದೆ ಎಂದುಕೊಳ್ಳಿ. 5 ಮಿಮೀ ಪಿಚ್ ಸ್ಕ್ರೂಗೆ ಸುತ್ತಿಗೆ 2000 ಪಲ್ಸ್ ಇದ್ದರೆ ನಿಮಿಷಕ್ಕೆ 3750 ಮಿಮೀ ಓಡಬಹುದು. 6400 ಮಾಡಿದರೆ ಅದು 1172 ಮಿಮೀಗೆ ಇಳಿಯುತ್ತದೆ. ಸರ್ವೋ ಒಳ್ಳೆಯದೇ; ಹೆಜ್ಜೆ ತಪ್ಪಿದರೆ ಅದಕ್ಕೆ ತಿಳಿಯುತ್ತದೆ, ಅದೇ ಅದರ ನಿಜವಾದ ಲಾಭ. ಆದರೆ ನಿಮ್ಮ ಈ ರೋಗಕ್ಕೆ ಅದು ಮದ್ದಲ್ಲ.

ಮುನಿರಾಬಾದ್ ಫಿಟ್ಟರ್, ಕೊಪ್ಪಳ

ತಮ್ಮಾ, ನಿಮ್ಮ ತಂದೆಯವರ ಗಿಯರ್‌ಗಳನ್ನು ಗುಜರಿಗೆ ಹಾಕಿಲ್ಲ ತಾನೆ? ಅವರು ಇದೇ 700 ಹಲ್ಲನ್ನು ಒಂದು ದಶಾಂಶವನ್ನೂ ಬರೆಯದೆ ಹೊಡೆದಿರುತ್ತಾರೆ. 1:90 ವರ್ಮ್‌ನಲ್ಲಿ ಒಂದು ಹಲ್ಲಿಗೆ ವರ್ಮ್ 90/700, ಅಂದರೆ 9/70 ಸುತ್ತು ತಿರುಗಬೇಕು. 30ಕ್ಕೆ 100, ಮತ್ತೆ 30ಕ್ಕೆ 70 ಎಂದು ನಾಲ್ಕು ಗಿಯರ್ ಕಚ್ಚಿಸಿದರೆ ಅದೇ ಅನುಪಾತ ಬರುತ್ತದೆ. ಆಮೇಲೆ ಪ್ರತಿ ಹಲ್ಲಿಗೆ ಹಿಡಿಕೆಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಪಿನ್ ಬೀಳಿಸುವುದು. ಗಿಯರ್‌ನ ಹಲ್ಲು ಅರ್ಧ ಇರುವುದಿಲ್ಲವಾದ್ದರಿಂದ ದುಂಡಾಗಿಸುವ ಮಾತೇ ಬರುವುದಿಲ್ಲ. ನಲವತ್ತು ವರ್ಷ ಈ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಂಡವನಿಗೆ ಇಂಥ ಗೆರೆ ಬಂದದ್ದನ್ನು ನಾನು ನೋಡಿಲ್ಲ.

ಆದರೆ ನಿಮ್ಮ ವರ್ಮ್ ಹಳೆಯದು ಎಂದಾದರೆ ಇನ್ನೊಂದು ಪ್ರಶ್ನೆ ಇದೆ. ಅದರಲ್ಲಿ ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಎಷ್ಟಿದೆ? ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಪ್ಲೇ ಇದ್ದರೂ ರೋಲ್ ಮೈಮೇಲೆ 36 ಮೈಕ್ರಾನ್. ಮೇಲಿನವರು ಹೇಳುತ್ತಿರುವ ಎರಡು ಮೈಕ್ರಾನ್ ಅದರ ಮುಂದೆ ಎಲ್ಲಿಯ ಲೆಕ್ಕ? ಗಿರಣಿ ರೋಲ್‌ನ ಹಲ್ಲು ನೇರ ಇರುವುದಿಲ್ಲ, ಸ್ವಲ್ಪ ಓರೆ ಇರುತ್ತದೆ. ಟೇಬಲ್ ಓಡುವಾಗ ರೋಲ್ ಜೊತೆಗೆ ತಿರುಗುತ್ತದೆ, ವಾಪಸ್ ಬರುವಾಗ ಹಿಮ್ಮುಖ ತಿರುಗುತ್ತದೆ. ಪ್ರತಿ ಹಲ್ಲಿಗೂ ದಿಕ್ಕು ಬದಲಾಯಿತು ಎಂದರೆ ಪ್ರತಿ ಹಲ್ಲಿಗೂ ಪ್ಲೇ ಬಂದು ಹೋಯಿತು. ಡಯಲ್ ಇಟ್ಟು ನೋಡಿ ತಿಳಿಸಿ.

ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ

ಸರ್, ನನ್ನದು ಒಂದು ಸಂಶಯ. ಹೊಸ ಕಂಟ್ರೋಲರ್‌ಗಳಲ್ಲಿ ಆರು ದಶಾಂಶದವರೆಗೂ ಬರೆಯಬಹುದು. ಅಲ್ಲಿ #1 ಎಂಬ ವೇರಿಯಬಲ್‌ಗೆ ಪ್ರತಿ ಸಲ 0.514286 ಕೂಡಿಸುತ್ತಾ ಹೋದರೆ ಆಗುವುದಿಲ್ಲವೇ? ಗುಣಿಸಿಯೇ ಏಕೆ ತೆಗೆಯಬೇಕು?

ಶಕ್ತಿನಗರ ಎಲೆಕ್ಟ್ರಾನಿಕ್ಸ್, ರಾಯಚೂರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಪರದೆಯ ಮೇಲೆ ಎಷ್ಟು ಅಂಕಿ ಕಾಣುತ್ತದೆ ಎಂಬುದು ಬೇರೆ, ಒಳಗೆ ಎಷ್ಟು ಅಂಕಿ ಉಳಿದಿದೆ ಎಂಬುದು ಬೇರೆ.

ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಡುತ್ತದೆ. ನಮಗೆ ಹತ್ತನೆಯ ಒಂದು ಭಾಗ ಎನ್ನುವುದು 0.1 ಎಂದು ಮುಗಿದುಹೋಗುವ ಸಂಖ್ಯೆ; ಎರಡರ ಲೆಕ್ಕದಲ್ಲಿ ಅದು ಮುಗಿಯುವುದೇ ಇಲ್ಲ, ನಮ್ಮಲ್ಲಿ ಮೂರನೆಯ ಒಂದು ಭಾಗ 0.333 ಎಂದು ಓಡಿದಂತೆ ಓಡುತ್ತದೆ. 1985ರ ಐಇಇಇ 754 ಮಾನಕದ ಪ್ರಕಾರ ಸಿಂಗಲ್ ಪ್ರಿಸಿಷನ್‌ನಲ್ಲಿ 24 ಬಿಟ್‌ಗಳಷ್ಟು, ಅಂದರೆ ಸುಮಾರು ಏಳು ಅಂಕಿಗಳಷ್ಟು ನಿಲ್ಲುತ್ತದೆ. ಡಬಲ್‌ನಲ್ಲಿ 53 ಬಿಟ್, ಹದಿನೈದು ಹದಿನಾರು ಅಂಕಿ. ಸಿಂಗಲ್‌ನಲ್ಲಿ 0.1ನ್ನು ಹತ್ತು ಸಾವಿರ ಸಲ ಕೂಡಿಸಿ ನೋಡಿ. ಬರಬೇಕಾದದ್ದು 1000, ಬರುವುದು 999.9029. ಮಿಲಿಮೀಟರ್ ಎಂದುಕೊಂಡರೆ ಸುಮಾರು 97 ಮೈಕ್ರಾನ್ ಕಾಣೆಯಾಯಿತು, ಮೋಟರ್ ಒಂದು ಪಲ್ಸ್ ಕೂಡ ಕಳೆದುಕೊಳ್ಳದೆ. ಅದೇ ಎಣಿಕೆಯನ್ನು ಪೂರ್ಣಾಂಕದಲ್ಲಿ ಇಟ್ಟುಕೊಂಡು ಕೊನೆಯಲ್ಲಿ ಒಂದೇ ಸಲ ಗುಣಿಸಿದರೆ ದುಂಡಾಗುವುದೂ ಒಂದೇ ಸಲ. ಆದ್ದರಿಂದ ಕೂಡಿಸಬೇಡಿ, ಗುಣಿಸಿ.

ಡ್ರೈವ್‌ನ ಎಣಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸಿಂಗಲ್ ಪ್ರಿಸಿಷನ್ 1,67,77,216ರವರೆಗೆ ಮಾತ್ರ ಪ್ರತಿ ಪೂರ್ಣಾಂಕವನ್ನೂ ಬಿಡದೆ ಹಿಡಿದಿಡಬಲ್ಲದು. ನಮ್ಮ ಸಾಧಾರಣ ಸ್ಟೆಪ್ಪರ್ ಯಂತ್ರದಲ್ಲಿ ಮಿಲಿಮೀಟರ್‌ಗೆ 400 ಪಲ್ಸ್ ಇದ್ದರೆ ಆ ಮಿತಿ ಬರುವುದು ಸುಮಾರು 42 ಮೀಟರ್ ದೂರದಲ್ಲಿ. ಅಷ್ಟು ಉದ್ದದ ಟೇಬಲ್ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಆದರೆ 20 ಬಿಟ್ ಎನ್‌ಕೋಡರ್ ಹಾಕಿದರೆ ಸುತ್ತಿಗೆ 10,48,576 ಎಣಿಕೆ. 5 ಮಿಮೀ ಪಿಚ್‌ನಲ್ಲಿ ಅದೇ ಮಿತಿ ಬರುವುದು 80 ಮಿಲಿಮೀಟರ್‌ಗೆ! ಹೊಸ ಎನ್‌ಕೋಡರ್ ತಂದು ಹಳೆಯ ಲೆಕ್ಕದ ಮೇಲೆ ಕೂರಿಸಿದರೆ ಹೀಗಾಗುತ್ತದೆ. 32 ಬಿಟ್ ಪೂರ್ಣಾಂಕದಲ್ಲಿ ಇಟ್ಟರೆ 10.24 ಮೀಟರ್‌ವರೆಗೆ ನಡೆಯುತ್ತದೆ. ಟೇಬಲ್‌ಗೆ ಅದು ಸಾಕು, ಆದರೆ ಒಂದೇ ದಿಕ್ಕಿನಲ್ಲಿ ದಿನವಿಡೀ ತಗಡು ಎಳೆಯುವ ಫೀಡರ್‌ಗೆ ಸಾಲದು. ಗರ್ಬಲ್ ಬರೆದವರು ಇದನ್ನು ಅರಿತಿದ್ದರು. ಲೆಕ್ಕವನ್ನು ಸಿಂಗಲ್‌ನಲ್ಲಿ ಮಾಡಿದರೂ ಯಂತ್ರ ನಿಂತ ಜಾಗವನ್ನು ಪಲ್ಸ್‌ಗಳ ಪೂರ್ಣಾಂಕದಲ್ಲಿ ಇಡುತ್ತಾರೆ, ಹಾಗಾಗಿ ತಪ್ಪು ಒಂದರ ಮೇಲೊಂದು ಕೂಡುವುದಿಲ್ಲ.

ಕುಷ್ಟಗಿ ಪ್ಲಾಸ್ಮಾ, ಕೊಪ್ಪಳ

ಅಣ್ಣನವರೇ, ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳಿ ಎಂದು ಮುನಿರಾಬಾದ್ ಯಜಮಾನರು ಹೇಳಿದ್ದು ಸರಿ. ಆದರೆ ನನ್ನ ಯಂತ್ರದಲ್ಲಿ ಭಿನ್ನರಾಶಿಯೇ ಇಲ್ಲ. ಗೇಟು, ಕಿಟಕಿ ಗ್ರಿಲ್ ಕತ್ತರಿಸುವ ಪ್ಲಾಸ್ಮಾ ಟೇಬಲ್‌ಗೆ ರ‍್ಯಾಕ್ ಮತ್ತು ಪಿನಿಯನ್ ಹಾಕಿದ್ದೇನೆ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1, ಪಿನಿಯನ್‌ಗೆ 20 ಹಲ್ಲು. ಒಂದು ಸುತ್ತಿಗೆ ಓಡುವ ದೂರ 20 ಗುಣಿಸು ಪೈ, ಅಂದರೆ 62.83185 ಮಿಮೀ. ಮೋಟರ್ ಮತ್ತು ಬೆಲ್ಟ್ ಸೇರಿ ಪಿನಿಯನ್ ಸುತ್ತಿಗೆ 4800 ಪಲ್ಸ್. ಮಿಲಿಮೀಟರ್‌ಗೆ 76.394373 ಎಂದು ಎಷ್ಟು ಬರೆದರೂ ಮುಗಿಯುವುದಿಲ್ಲ. 76.39 ಎಂದು ಹಾಕಿದರೆ 2500 ಮಿಮೀ ಶೀಟ್‌ಗೆ 0.14 ಮಿಮೀ ತಪ್ಪು. ಕೇವಲ 76 ಎಂದು ಹಾಕಿದ್ದ ಮೊದಲ ದಿನ ಸುಮಾರು 13 ಮಿಮೀ ಬಂದು, ಒಂದು ಜೋಡಿ ಗೇಟಿನ ಎರಡು ಬಾಗಿಲುಗಳು ಚೌಕಟ್ಟಿಗೆ ಕೂಡಲಿಲ್ಲ. ಆ ನಷ್ಟವನ್ನು ನಾನೇ ಹೊತ್ತೆ.

ಸರ್ವೋ ಡ್ರೈವ್‌ಗಳಲ್ಲಿ ಎಲೆಕ್ಟ್ರಾನಿಕ್ ಗಿಯರ್‌ಗೆ ಅಂಶ ಮತ್ತು ಛೇದ ಎಂದು ಎರಡು ಪೂರ್ಣಾಂಕ ಕೇಳುತ್ತಾರೆ. ಅಲ್ಲಿ ಪೈಗೆ 355/113 ಹಾಕಿದರೆ 2500 ಮಿಮೀಗೆ ಅರ್ಧ ಮೈಕ್ರಾನ್ ಕೂಡ ತಪ್ಪುವುದಿಲ್ಲ. ಆರ್ಯಭಟ 499ರಲ್ಲಿ ಕೊಟ್ಟ 62832/20000 ಹಾಕಿದರೂ ತಪ್ಪು ಆರು ಮೈಕ್ರಾನ್ ಒಳಗೆ. ಪ್ಲಾಸ್ಮಾಕ್ಕೆ ಅದು ಬೇಕಾದಷ್ಟಾಯಿತು. ಅವರು ಆ ಬೆಲೆಯನ್ನು ‘ಆಸನ್ನ’, ಅಂದರೆ ಹತ್ತಿರದ್ದು ಎಂದೇ ಕರೆದಿದ್ದರು ಎಂಬುದನ್ನು ಓದಿದಾಗ, ಸಾವಿರದ ಐನೂರು ವರ್ಷದ ಹಿಂದಿನ ಆ ಒಂದು ಪದದ ಎಚ್ಚರ ನನಗೆ ಬಹಳ ದೊಡ್ಡದೆನಿಸಿತು.

ಇಷ್ಟೆಲ್ಲ ಮಾಡಿದ ಮೇಲೂ ಮೇ ತಿಂಗಳಲ್ಲಿ ಅಂಗಳದ ಬಿಸಿಲಿನಲ್ಲಿ ಬಿದ್ದಿದ್ದ ಶೀಟನ್ನು ತಂದು ಹಾಗೆಯೇ ಕತ್ತರಿಸಿದರೆ, ಅದು 20 ಡಿಗ್ರಿ ತಣ್ಣಗಾದ ಮೇಲೆ 2500 ಮಿಮೀಗೆ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ಕುಗ್ಗಿರುತ್ತದೆ. ನಾನು ಈಗ ಶೀಟನ್ನು ಹಿಂದಿನ ರಾತ್ರಿಯೇ ಒಳಗೆ ತಂದಿಡುತ್ತೇನೆ.

ಸಿಂಧನೂರು ಪ್ರೋಗ್ರಾಮರ್, ರಾಯಚೂರು

ಕೋನದ ಮಾತು ಬಂದಿತು, ವೃತ್ತಖಂಡದ್ದೂ ಬರಲಿ. ಅರ್ಧ ಮೈಕ್ರಾನ್ ದುಂಡಾಗಿಸಿದ್ದಕ್ಕೆ ಕಾಲು ಮಿಲಿಮೀಟರ್ ಹತ್ತಿರ ದಂಡ ತೆರಬೇಕಾದ ಜಾಗ ಅದು. ವೃತ್ತಖಂಡ ಓಡಿಸುವ ಜಿ02, ಜಿ03 ಆದೇಶಗಳಲ್ಲಿ ಕೇಂದ್ರ ಕೊಡದೆ ಆರ್ (ತ್ರಿಜ್ಯ) ಮಾತ್ರ ಕೊಟ್ಟರೆ, ಎರಡು ತುದಿ ಮತ್ತು ತ್ರಿಜ್ಯದಿಂದ ಕಂಟ್ರೋಲ್ ತಾನೇ ಕೇಂದ್ರವನ್ನು ಹುಡುಕಿಕೊಳ್ಳಬೇಕು. ಖಂಡ ಅರ್ಧವೃತ್ತಕ್ಕೆ ಹತ್ತಿರವಿದ್ದಾಗ ಈ ಹುಡುಕಾಟ ಬಹಳ ನಾಜೂಕು. ಆರ್ 50 ಇರಲಿ, ಅರ್ಧ ಜ್ಯಾ ಕೂಡ 50 ಇರಬೇಕಿತ್ತು, ದುಂಡಾಗಿಸಿದ್ದರಿಂದ 49.9995 ಆಯಿತು ಎನ್ನಿ. ಕೇಂದ್ರವು ಜ್ಯಾದಿಂದ ಎಷ್ಟು ದೂರ ಸರಿಯುತ್ತದೆ ಎಂದು ಪೈಥಾಗರಸ್ ಸೂತ್ರದಿಂದ ತೆಗೆದರೆ 0.22 ಮಿಮೀ ಬರುತ್ತದೆ. ಅರ್ಧ ಮೈಕ್ರಾನ್ ಆ ಕಡೆಗೆ ತಪ್ಪಿ 50.0005 ಆದರೆ ಅಂಥ ವೃತ್ತವೇ ಇಲ್ಲ, ಯಂತ್ರ ಅಲಾರಂ ಕೊಟ್ಟು ನಿಲ್ಲಬಹುದು. ನಾನು ಬೇರಿಂಗ್ ಹೌಸಿಂಗ್ ಒಂದರಲ್ಲಿ ಇದನ್ನು ಅನುಭವಿಸಿದ ಮೇಲೆ 170 ಡಿಗ್ರಿ ದಾಟಿದ ಯಾವ ಖಂಡಕ್ಕೂ ಆರ್ ಬರೆಯುವುದಿಲ್ಲ. ಐ, ಜೆ (ಕೇಂದ್ರದ ಜಾಗ) ಕೊಡುತ್ತೇನೆ, ಇಲ್ಲವೇ ಖಂಡವನ್ನು ಎರಡಾಗಿ ಒಡೆಯುತ್ತೇನೆ.

ಇಂಚಿನಲ್ಲಿ ಕೆಲಸ ಮಾಡುವವರಿಗೂ ಒಂದು ಮಾತು. ಒಂದು ಇಂಚು ಸರಿಯಾಗಿ 25.4 ಮಿಮೀ ಆದ್ದರಿಂದ ಪರಿವರ್ತನೆಯಲ್ಲಿ ತಪ್ಪಿಲ್ಲ. ಆದರೆ ಕಂಟ್ರೋಲ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಇಂಚಿನ ಆದೇಶವಾದ ಜಿ20ರ ಕನಿಷ್ಠ ಏರಿಕೆ 0.0001 ಇಂಚು, ಅಂದರೆ 2.54 ಮೈಕ್ರಾನ್, ಮಿಲಿಮೀಟರ್‌ನ ಜಿ21ರಲ್ಲಿ ಒಂದು ಮೈಕ್ರಾನ್. ಅದೇ ಯಂತ್ರ ಇಂಚಿನಲ್ಲಿ ಎರಡೂವರೆ ಪಟ್ಟು ಒರಟಾಗುತ್ತದೆ. ಇನ್ನು ಚುಕ್ಕಿ ಮರೆಯುವುದು. ಕ್ಯಾಲ್ಕ್ಯುಲೇಟರ್ ಮಾದರಿಯ ದಶಾಂಶ ಎಂಬ ಪ್ಯಾರಾಮೀಟರ್ ಹಾಕಿರದ ಫ್ಯಾನಕ್‌ನಲ್ಲಿ ಎಕ್ಸ್10 ಎಂದರೆ ಹತ್ತು ಮಿಲಿಮೀಟರ್ ಅಲ್ಲ, ಹತ್ತು ಮೈಕ್ರಾನ್. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ಮುನಿರಾಬಾದ್ ಫಿಟ್ಟರ್, ಕೊಪ್ಪಳ

ಎಲ್ಲರ ಲೆಕ್ಕವನ್ನೂ ಓದಿದೆ, ಸಂತೋಷವಾಯಿತು. ಈಗ ಕಬ್ಬಿಣದ ಕಡೆಯ ಮಾತು.

ಪರದೆಯಲ್ಲಿ 0.001 ಬದಲಾಗುತ್ತದೆ ಎಂದ ಮಾತ್ರಕ್ಕೆ ಟೇಬಲ್ ಒಂದು ಮೈಕ್ರಾನ್ ಸರಿಯಿತು ಎಂದು ನಂಬಬೇಡಿ. ಎರಡು ಮೈಕ್ರಾನ್ ಓದುವ ಲಿವರ್ ಡಯಲ್ ಅನ್ನು ಟೇಬಲ್‌ಗೆ ತಾಗಿಸಿ, ಹ್ಯಾಂಡ್‌ವೀಲ್ ಅನ್ನು ಒಂದರ ಗುಣಕಕ್ಕೆ (ಕ್ಲಿಕ್‌ಗೆ ಒಂದು ಮೈಕ್ರಾನ್) ಇಟ್ಟು, ಒಂದೊಂದೇ ಕ್ಲಿಕ್ ತಿರುಗಿಸಿ. ಪ್ರತಿ ಕ್ಲಿಕ್‌ಗೆ ಪರದೆಯ ಅಂಕಿಯನ್ನೂ ಮುಳ್ಳು ತೋರಿಸುವ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಎಷ್ಟೋ ಯಂತ್ರಗಳಲ್ಲಿ ನಾಲ್ಕು ಕ್ಲಿಕ್‌ವರೆಗೆ ಮುಳ್ಳು ಅಲುಗುವುದೇ ಇಲ್ಲ. ಐದನೆಯದಕ್ಕೆ ಐದು ಮೈಕ್ರಾನ್ ಒಮ್ಮೆಲೇ ಹಾರುತ್ತದೆ. ಸ್ಲೈಡ್ ಹಿಡಿದುಕೊಂಡು ಬಿಡುವ ರೀತಿ ಅದು. ಅಂಥ ಯಂತ್ರದಲ್ಲಿ ಒಂದು ಮೈಕ್ರಾನ್ ಆಫ್‌ಸೆಟ್ ಕೊಡುವುದು ಕಾಗದದ ಮೇಲೆ ಮಾತ್ರ. ಗಿಬ್ (ಸ್ಲೈಡಿನ ಸಡಿಲ ಹೊಂದಿಸುವ ಪಟ್ಟಿ) ಸರಿಮಾಡಿ, ಎಣ್ಣೆ ಹೋಗುವ ದಾರಿ ತೆರೆದಿದೆಯೇ ನೋಡಿ, ಆಮೇಲೆ ಅಂಕಿಯ ಮಾತು.

ಶಾಖದ ವಿಷಯದಲ್ಲಿ ಕುಷ್ಟಗಿಯವರು ಶೀಟಿಗೆ ಹೇಳಿದ್ದು ಸ್ಕ್ರೂಗೂ ಅನ್ವಯಿಸುತ್ತದೆ. ಉಕ್ಕು ಒಂದು ಮೀಟರ್‌ಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತದೆ. ಬೆಳಿಗ್ಗೆ ಸೊನ್ನೆ ಹಿಡಿದು ಓಡಿಸಲು ಶುರುಮಾಡಿದ ಬಾಲ್‌ಸ್ಕ್ರೂ ಮಧ್ಯಾಹ್ನದ ಹೊತ್ತಿಗೆ ಐದು ಡಿಗ್ರಿ ಕಾದಿದ್ದರೆ 600 ಮಿಮೀಗೆ 34 ಮೈಕ್ರಾನ್ ಹೋಯಿತು. ಮೋಟರ್‌ನ ಎನ್‌ಕೋಡರ್‌ಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಅದು ಎಣಿಸುವುದು ಸುತ್ತನ್ನು. ಸ್ಕ್ರೂ ಉದ್ದವಾದದ್ದು ಅದಕ್ಕೆ ಹೇಗೆ ತಿಳಿಯಬೇಕು? ಟೇಬಲ್‌ಗೇ ಸ್ಕೇಲ್ ಹಾಕಿದವರಿಗೆ ಮಾತ್ರ ಸ್ವಲ್ಪ ತಿಳಿಯುತ್ತದೆ. ಅಳತೆಗಳಿಗೆ ಲೋಕವೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಶೆಡ್ಡಿನೊಳಗೆ 40 ದಾಟುತ್ತದೆ. ಜಾಬ್, ಯಂತ್ರ, ಮೈಕ್ರೋಮೀಟರ್ ಮೂರೂ ಉಕ್ಕಿನವೇ ಆಗಿ ಒಂದೇ ಶಾಖದಲ್ಲಿದ್ದರೆ ಹೆಚ್ಚು ತೊಂದರೆಯಿಲ್ಲ. ಅಲ್ಯುಮಿನಿಯಂ ಜಾಬ್ ಬಂದರೆ ಅದು ಉಕ್ಕಿನ ಎರಡರಷ್ಟು ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ನಾನು ಮುಖ್ಯ ಫಿನಿಷ್ ಕೆಲಸಗಳನ್ನು ಬೇಸಿಗೆಯಲ್ಲಿ ಬೆಳಗಿನ ಆರರಿಂದ ಒಂಬತ್ತರೊಳಗೆ ಮುಗಿಸುತ್ತಿದ್ದೆ, ಅದಕ್ಕೂ ಮೊದಲು ಅರ್ಧ ಗಂಟೆ ಖಾಲಿ ಓಡಿಸಿ.

ಕೌಲ್‌ಬಜಾರ್ ವರ್ಕ್‌ಶಾಪ್, ಬಳ್ಳಾರಿ

ಯಜಮಾನರಿಗೆ, ಮೇಡಂ ಅವರಿಗೆ, ಶಕ್ತಿನಗರದ ಸರ್ ಅವರಿಗೆ ನಮಸ್ಕಾರಗಳು. ಹತ್ತು ದಿನ ಬರೆಯಲಾಗಲಿಲ್ಲ, ಏಕೆಂದರೆ ಅದೇ ರೋಲ್ ಅನ್ನು ನನ್ನ ಖರ್ಚಿನಲ್ಲಿಯೇ ಮತ್ತೆ ಗ್ರೈಂಡ್ ಮಾಡಿಸಿದೆ. ಗ್ರೈಂಡ್ ಆದ ಮೇಲೆ ವ್ಯಾಸ 248.6 ಮಿಮೀ ನಿಂತಿತು.

ಈ ಸಲ ನೇರವಾಗಿ ಟೂಲ್ ಇಳಿಸಲಿಲ್ಲ. ರೋಲ್ ಮೈಗೆ ಮಾರ್ಕಿಂಗ್ ನೀಲಿ ಬಳಿದು, ಟೂಲ್ ಜಾಗದಲ್ಲಿ ಚೂಪಾದ ಸ್ಕ್ರೈಬರ್ ಕಟ್ಟಿ, ಜಿ90 ಮತ್ತು ಗುಣಾಕಾರದ ಪ್ರೋಗ್ರಾಂನಲ್ಲಿ ಅಂಚಿನಲ್ಲಿ ಮಾತ್ರ ಬೆರಳಗಲದ 700 ಗೆರೆ ಎಳೆಸಿದೆ. 248.6 ವ್ಯಾಸಕ್ಕೆ ಹತ್ತು ಸಂದು 11.16 ಮಿಮೀ ಬರಬೇಕು. ಎಂಟು ಕಡೆ ವರ್ನಿಯರ್ ಇಟ್ಟೆ, 11.14ಕ್ಕೂ 11.18ಕ್ಕೂ ನಡುವೆಯೇ ಇತ್ತು. 700ನೆಯ ಗೆರೆ ಮತ್ತು ಮೊದಲ ಗೆರೆ ಇರುವ ಜಾಗವನ್ನು ಚಾಕ್‌ಪೀಸಿನಿಂದ ಗುರುತು ಮಾಡಿರದಿದ್ದರೆ ನನಗೆ ಅದು ಸಿಗುತ್ತಲೇ ಇರಲಿಲ್ಲ.

ಯಜಮಾನರು ಹೇಳಿದ ಡಯಲ್ ಪರೀಕ್ಷೆಯನ್ನೂ ಮಾಡಿದೆ. ದಿಕ್ಕು ಬದಲಿಸಿದಾಗ 14 ಪಲ್ಸ್‌ವರೆಗೆ ಮುಳ್ಳು ಅಲುಗಲಿಲ್ಲ. 0.028 ಡಿಗ್ರಿ, ರೋಲ್ ಮೈಮೇಲೆ ಸುಮಾರು 61 ಮೈಕ್ರಾನ್. ಸರ್ವೋ ಹಾಕಿದ್ದರೂ ಈ ಪ್ಲೇ ಹಾಗೆಯೇ ಇರುತ್ತಿತ್ತು ಎಂದು ಈಗ ಅರ್ಥವಾಗುತ್ತಿದೆ. ಸದ್ಯಕ್ಕೆ, ವಾಪಸ್ ಬರುವಾಗ ಬೇಕಾದ ಜಾಗಕ್ಕಿಂತ 0.2 ಡಿಗ್ರಿ ಹಿಂದಕ್ಕೆ ಹೋಗಿ, ಅಲ್ಲಿಂದ ಮುಂದಕ್ಕೆ ಬಂದು ನಿಲ್ಲುವಂತೆ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಹಾಗೆ ಇಪ್ಪತ್ತು ಸಲ ಒಂದೇ ಜಾಗಕ್ಕೆ ಕರೆಸಿದಾಗ ಡಯಲ್‌ನ ವ್ಯತ್ಯಾಸ 0.01 ಮಿಮೀ ದಾಟಲಿಲ್ಲ. ಆಮೇಲೆ ಟೂಲ್ ಕಟ್ಟಿ ಹಲ್ಲು ಹೊಡೆದೆ, ನಿನ್ನೆ ರೋಲ್ ಗಿರಣಿಗೆ ಹೋಯಿತು.

ಸಾಲದ ಅರ್ಜಿಯನ್ನು ವಾಪಸ್ ತಂದಿದ್ದೇನೆ. ಒಂದೇ ಪ್ರಶ್ನೆ ಉಳಿದಿದೆ: ಆ 14 ಪಲ್ಸ್‌ನ ಪ್ಲೇ ವರ್ಮ್ ಸವೆದದ್ದರಿಂದಲೋ, ಬೇರಿಂಗ್‌ನಿಂದಲೋ ತಿಳಿಯುವುದು ಹೇಗೆ?

ಮುನಿರಾಬಾದ್ ಫಿಟ್ಟರ್, ಕೊಪ್ಪಳ

ಬಹಳ ಚೆನ್ನಾಗಿ ಮಾಡಿದ್ದೀರಿ ತಮ್ಮಾ. ವರ್ಮ್ ಶಾಫ್ಟ್‌ನ ತುದಿಗೆ ಡಯಲ್ ತಾಗಿಸಿ, ಮೋಟರ್ ಅನ್ನು ಆ ಕಡೆ ಈ ಕಡೆ ತಿರುಗಿಸಿ. ಶಾಫ್ಟ್ ಉದ್ದಕ್ಕೆ ಹಿಂದೆ ಮುಂದೆ ಸರಿದರೆ ತಪ್ಪು ಥ್ರಸ್ಟ್ ಬೇರಿಂಗ್‌ನದು. ನಟ್ ಬಿಗಿ ಮಾಡಿದರೆ ಅರ್ಧ ಕೆಲಸ ಆಗುತ್ತದೆ. ಶಾಫ್ಟ್ ಸರಿಯದೆ ಪ್ಲೇ ಹಾಗೆಯೇ ಇದ್ದರೆ, ಚಕ್ರವನ್ನು ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ಅಳೆಯಿರಿ. ನಾಲ್ಕೂ ಕಡೆ 14 ಪಲ್ಸ್ ಬಂದರೆ ವರ್ಮ್ ಅನ್ನು ಚಕ್ರಕ್ಕೆ ಸ್ವಲ್ಪ ಹತ್ತಿರ ಒತ್ತಬಹುದು. ಒಂದು ಕಡೆ 14, ಇನ್ನೊಂದು ಕಡೆ 5 ಬಂದರೆ ಒತ್ತಬೇಡಿ. ಸವೆಯದ ಕಡೆ ಅದು ಹಿಡಿದುಕೊಳ್ಳುತ್ತದೆ. ನಾಲ್ಕು ಅಂಕಿಗಳನ್ನೂ ಇಲ್ಲಿ ಬರೆಯಿರಿ, ನೋಡೋಣ.